ಜಾಲರಿ ಒಂದೋ, ಎರಡೋ?

ಜೇನುಪೆಟ್ಟಿಗೆಯ ಎರಿಯಲ್ಲಿ, ಅಂದರೆ ಮೇಣದ ಕೋಣೆಗಳ ಹಲಗೆಯಲ್ಲಿ, ಒಂದೇ ಕೋಣೆಗೆ ನಾಲ್ಕೈದು ಮೊಟ್ಟೆ. ಅದೂ ತಳದಲ್ಲಲ್ಲ, ಗೋಡೆಗೆ ಅಂಟಿಕೊಂಡಿದ್ದವು. ಎರಿಯನ್ನು ಬಿಸಿಲಿಗೆ ಹಿಡಿದ ತಕ್ಷಣ ಗೊತ್ತಾಯಿತು, ಇದು ರಾಣಿಯ ಕೆಲಸವಲ್ಲ. ರಾಣಿಯ ಹೊಟ್ಟೆ ಉದ್ದ, ಮೊಟ್ಟೆ ನೇರ ತಳಕ್ಕೆ ಬೀಳುತ್ತದೆ. ಕೆಲಸಗಾರ ನೊಣಕ್ಕೆ ಅಷ್ಟು ಎಟುಕುವುದಿಲ್ಲ.

ತಪ್ಪು ನನ್ನದೇ. ಚೆನ್ನಾಗಿ ಬೆಳೆದಿದ್ದ ಎರಡು ಕುಟುಂಬಗಳನ್ನು ಪಾಲು ಮಾಡಿದ್ದೆ. ರಾಣಿ ಕೆಳಗೆ. ಮೇಲಿನ ಪೆಟ್ಟಿಗೆಗೆ ಬರೀ ಜೇನಿನ ಎರಿ ಮತ್ತು ನೊಣ. ನಡುವೆ ತಂತಿ ಜಾಲರಿ. ಒಂದಕ್ಕೆ ಒಂದೇ ಪದರ, ಇನ್ನೊಂದಕ್ಕೆ ಬೆರಳಗಲ ಜಾಗ ಬಿಟ್ಟು ಎರಡು ಪದರ. ಯೋಚಿಸಿ ಮಾಡಿದ್ದಲ್ಲ, ಕೈಗೆ ಸಿಕ್ಕಿದ್ದು ಹಾಕಿದ್ದು. ವಾರದೊಳಗೆ ಹೊಸ ರಾಣಿ ಕೊಡಬೇಕಿತ್ತು, ಸಿಗಲಿಲ್ಲ. ಸುಮ್ನೆ ಬಿಟ್ಟೆ. ತಿಂಗಳು ಕಳೆಯಿತು.

ಎರಡು ಪದರದ ಪೆಟ್ಟಿಗೆ ಕೆಟ್ಟಿತ್ತು. ಒಂದು ಪದರದ್ದರಲ್ಲಿ ಒಂದು ಮೊಟ್ಟೆಯೂ ಇಲ್ಲ!

ಎರಡೇ ಪೆಟ್ಟಿಗೆ ನೋಡಿ ನಿಯಮ ಹೇಳಬಾರದು, ನಿಜ. ಆದರೆ ಗಾಳಿ ಎರಡರಲ್ಲೂ ಆಡುತ್ತಿತ್ತು, ಅಲ್ವಾ? ವ್ಯತ್ಯಾಸವಿದ್ದದ್ದು ಮುಟ್ಟುವುದರಲ್ಲಿ. ಜಾಲರಿ ಒಂದೇ ಆದರೆ ಮೇಲಿನ ನೊಣ ಕೆಳಗಿನದರ ಮೀಸೆ ಮುಟ್ಟುತ್ತದೆ, ಬಾಯಿಂದ ಬಾಯಿಗೆ ಆಹಾರ ದಾಟುತ್ತದೆ. ರಾಣಿಯ ದವಡೆಯ ಗ್ರಂಥಿಯಿಂದ ಬರುವ ರಸ ಹರಡುವುದೂ ಹೀಗೆಯೇ. ಅವಳನ್ನು ಸುತ್ತುವರಿದು ನೆಕ್ಕಿದ ನೊಣಗಳು ಗೂಡೆಲ್ಲ ಓಡಾಡಿ, ಎದುರಾದ ನೊಣಗಳಿಗೆಲ್ಲ ಅದನ್ನು ದಾಟಿಸುತ್ತವೆ. ಇಂಗ್ಲೆಂಡಿನ ಜೇನು ವಿಜ್ಞಾನಿ ಕಾಲಿನ್ ಬಟ್ಲರ್ 1950ರ ದಶಕದಲ್ಲಿ ಇದನ್ನು 'ರಾಣಿ ದ್ರವ್ಯ' ಎಂದು ಕರೆದರು. ರಾಣಿ ಇದ್ದಾಳೆ ಎಂಬ ಆ ಸುದ್ದಿ ನಿಂತರೆ ಕೆಲವು ನೊಣಗಳ ಅಂಡಾಶಯ ಬೆಳೆಯತೊಡಗುತ್ತದೆ.

ರಾಣಿ ಒಬ್ಬಳೇ ಕಾರಣವೂ ಅಲ್ಲ. ಕೋಣೆಗೆ ಇನ್ನೂ ಮುಚ್ಚಳ ಬೀಳದ ಮರಿಹುಳುಗಳ ಮೈಯ ವಾಸನೆಯೂ ಅಂಡಾಶಯವನ್ನು ತಡೆದಿಡುತ್ತದೆ. ನಾನು ಮೇಲೆ ಮರಿ ಇರುವ ಒಂದು ಎರಿಯನ್ನೂ ಇಟ್ಟಿರಲಿಲ್ಲ. ಎಡವಿದ್ದು ಅಲ್ಲೇ.

ಪರದಾಟ ಶುರುವಾದದ್ದು ಆಮೇಲೆ. ಕೊನೆಗೂ ಸಿಕ್ಕ ರಾಣಿಯನ್ನು ಬಿಟ್ಟೆ, ಮರುದಿನ ಸತ್ತು ಬಿದ್ದಿದ್ದಳು. ಮೊಟ್ಟೆ ಇಡುವ ನೊಣಗಳಲ್ಲಿ ಕೆಲವು ತಾವೇ ರಾಣಿಯಂಥ ವಾಸನೆ ಹೊರಡಿಸುತ್ತವೆ, ಉಳಿದವು ಅವುಗಳಿಗೇ ಉಪಚಾರ ಮಾಡುತ್ತವೆ. ಮನೆಯಲ್ಲಿ ರಾಣಿ ಇದ್ದಾಳೆಂದೇ ಲೆಕ್ಕ. ದೂರ ಒಯ್ದು ನೊಣ ಕೊಡವಿದರೆ ಮೊಟ್ಟೆ ಇಡುವವು ವಾಪಸ್ ಬರುವುದಿಲ್ಲ ಎಂದು ಒಬ್ಬರು ಹೇಳಿದರು. ಕೊಡವಿದೆ. ಅವೂ ಹಾರಿ ಬಂದವು.

ಕೆಲಸಕ್ಕೆ ಬಂದದ್ದು ಮರಿ. ಗಟ್ಟಿ ಕುಟುಂಬದಿಂದ ಮೊಟ್ಟೆ, ಎಳೆ ಹುಳು ಇರುವ ಎರಿಯನ್ನು ವಾರಕ್ಕೊಂದರಂತೆ ಕೊಟ್ಟೆ. ಮೊದಲ ಎರಡಕ್ಕೆ ಅವು ಕ್ಯಾರೇ ಅನ್ನಲಿಲ್ಲ. ಮೂರನೆಯದರಲ್ಲಿ ಹೊಸ ರಾಣಿ ಬೆಳೆಸುವ ಕೋಣೆ ಕಟ್ಟಿದವು. ಅಷ್ಟರಲ್ಲಿ ಪೆಟ್ಟಿಗೆಯ ತುಂಬ ಗಂಡುನೊಣ. ಕೆಲಸಗಾರ ನೊಣ ಗಂಡಿನೊಂದಿಗೆ ಕೂಡುವುದಿಲ್ಲ, ಹಾಗಾಗಿ ಅದರ ಮೊಟ್ಟೆಯಿಂದ ಹುಟ್ಟುವುದು ಗಂಡೇ. ತಿನ್ನುವುದಕ್ಕೆ ಮುಂದು, ಮಕರಂದ ತರುವುದಕ್ಕೆ ಇಲ್ಲ.

ಈಗಲೂ ಪಾಲು ಮಾಡುತ್ತೇನೆ. ಮರಿ ಎರಿ ಇಡದೆ ಮೇಲಿನ ಪೆಟ್ಟಿಗೆಯ ಮುಚ್ಚಳ ಮಾತ್ರ ಹಾಕುವುದಿಲ್ಲ.