ಹಳದಿ ಗಂಟು ಕಂಡಾಗ

‘ರಕ್ತ ಹೋಗ್ತಿದೆ, ಮೂಲವ್ಯಾಧಿನೇ ಇರಬೇಕು ಡಾಕ್ಟ್ರೇ’ ಎಂದು ಒಬ್ಬ ರೋಗಿ ಬಂದಿದ್ದರು. ಮೂಲವ್ಯಾಧಿ ಇತ್ತು, ನಿಜ. ಆದರೆ ಕೊಲೊನೋಸ್ಕೋಪಿ ಮಾಡುವಾಗ ಗುದನಾಳದಲ್ಲಿ ಕಡಲೆಕಾಳಿನಷ್ಟು ಒಂದು ಗಂಟೂ ಕಂಡಿತು. ನುಣುಪು ಮೈ, ತುಸು ಹಳದಿ ಬಣ್ಣ. ಫೋರ್ಸೆಪ್ಸ್ ತುದಿಯಿಂದ ಒತ್ತಿದೆ, ಗಟ್ಟಿಯಾಗಿತ್ತು. ಅವತ್ತು ಕತ್ತರಿಸದೆ ಸ್ಕೋಪ್ ಹೊರತೆಗೆದೆ.

ಕೆಲವು ವರ್ಷಗಳ ಹಿಂದೆ ಬೇರೊಬ್ಬ ರೋಗಿಯಲ್ಲಿ ಇಂಥದ್ದೇ ಗಂಟನ್ನು ಪಾಲಿಪ್ (ಒಳಪೊರೆಯ ಮೇಲಿನ ಸಾಮಾನ್ಯ ಗಂಟು) ಅಂದುಕೊಂಡು ತಂತಿ ಕುಣಿಕೆ ಹಾಕಿ ತೆಗೆದುಬಿಟ್ಟಿದ್ದೆ. ವರದಿ ಬಂತು: ನ್ಯೂರೋಎಂಡೋಕ್ರೈನ್ ಟ್ಯೂಮರ್ (ಹಾರ್ಮೋನ್ ಸ್ರವಿಸುವ ಬಗೆಯ ಕೋಶಗಳಿಂದ ಹುಟ್ಟುವ ಗಡ್ಡೆ), ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಉಳಿದಿದೆ. ಈ ಗಡ್ಡೆ ಒಳಪೊರೆಯ ಆಳದಲ್ಲಿ ಹುಟ್ಟಿ ಅದರ ಕೆಳಗಿನ ಪದರಕ್ಕೆ ಇಳಿಯುತ್ತದೆ. ಕುಣಿಕೆ ಮೇಲ್ಭಾಗವನ್ನಷ್ಟೇ ತರುತ್ತದೆ, ಬುಡ ಅಲ್ಲೇ ಇರುತ್ತದೆ. ಮತ್ತೆ ಹೋದಾಗ ಗಾಯ ಮಾಗಿತ್ತು. ಶಾಯಿ ಗುರುತು ಹಾಕಿರಲಿಲ್ಲವಾದ್ದರಿಂದ ಜಾಗ ಹುಡುಕುವುದೇ ಕಷ್ಟವಾಯಿತು.

ಹಾಗಾಗಿ ಈ ಸಲ ಮೊದಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಸ್ಕೋಪ್ ತುದಿಯಿಂದ ಮಾಡುವ ಸ್ಕ್ಯಾನ್) ಮಾಡಿದೆ. 7 ಮಿ.ಮೀ. ಗಡ್ಡೆ, ಸ್ನಾಯು ಪದರ ಮುಟ್ಟಿಲ್ಲ, ಪಕ್ಕದ ದುಗ್ಧರಸ ಗ್ರಂಥಿಗಳು ಊದಿಲ್ಲ. ಆಮೇಲೆ ಗಂಟನ್ನು ಸ್ಕೋಪ್ ತುದಿಯ ಟೋಪಿಯೊಳಗೆ ಎಳೆದು, ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದು, ಬ್ಯಾಂಡಿನ ಕೆಳಗೆ ಕುಣಿಕೆ ಹಾಕಿ ಕತ್ತರಿಸಿದೆ. ಇಡೀ ಗಡ್ಡೆ ಒಂದೇ ತುಂಡಾಗಿ ಬಂತು.

ಪೆಥಾಲಜಿಸ್ಟ್‌ಗೆ ನಾನೇ ಫೋನ್ ಮಾಡುತ್ತೇನೆ. ಅಂಚು, ಕೆಐ-67 (ಕೋಶಗಳು ಎಷ್ಟು ವೇಗವಾಗಿ ಹೆಚ್ಚುತ್ತಿವೆ ಎಂಬ ಅಳತೆ), ರಕ್ತನಾಳ ಮತ್ತು ದುಗ್ಧರಸ ನಾಳಗಳಿಗೆ ಗಡ್ಡೆ ಹೊಕ್ಕಿದೆಯೇ, ಈ ಮೂರರ ಬಗ್ಗೆ ಸ್ಪಷ್ಟ ಉತ್ತರ ಬೇಕು. ಕೆಐ-67 ಶೇ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1, ಅಂದರೆ ನಿಧಾನವಾಗಿ ಬೆಳೆಯುವ ಬಗೆ. ಇವರದ್ದು ಶೇ. 1. ಅಂಚು ಪೂರ್ತಿ ಸ್ವಚ್ಛ, ನಾಳಗಳಿಗೂ ಹೊಕ್ಕಿರಲಿಲ್ಲ.

ಅಷ್ಟರಲ್ಲಿ ಅವರು ತಾವೇ ಕ್ರೋಮೋಗ್ರಾನಿನ್ (ಇಂಥ ಗಡ್ಡೆಗಳು ಬಿಡುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಿಸಿಕೊಂಡು, ಅಂಕಿ ಜಾಸ್ತಿ ಇದೆ ಎಂದು ಹೆದರಿ ನಿದ್ದೆಗೆಟ್ಟಿದ್ದರು. ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರು, ಅಲ್ವಾ? ಆ ಮಾತ್ರೆಯೇ ಅಂಕಿ ಏರಿಸುತ್ತದೆ. ಇಷ್ಟು ಚಿಕ್ಕ ಗಡ್ಡೆಗೆ ಈ ಪರೀಕ್ಷೆಯೇ ಬೇಕಿಲ್ಲ.

ಗಡ್ಡೆ 1 ಸೆಂ.ಮೀ. ದಾಟಿದ್ದರೆ ಎಂಆರ್‌ಐ, ಹರಡಿದೆಯೇ ಎಂದು ತೋರಿಸುವ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ ಮಾಡಿಸುತ್ತಿದ್ದೆ. 2 ಸೆಂ.ಮೀ. ದಾಟಿದರೆ ಸಾಮಾನ್ಯವಾಗಿ ಸರ್ಜನ್ ಕೆಲಸ. ಲಿವರ್‌ಗೆ ಹರಡಿದವರಿಗೂ ಬೆಳವಣಿಗೆ ತಡೆಯುವ ಆಕ್ಟ್ರಿಯೊಟೈಡ್ ಇಂಜೆಕ್ಷನ್, ಗಡ್ಡೆಗೇ ವಿಕಿರಣ ತಲುಪಿಸುವ ಲುಟೇಶಿಯಂ-177 ಚಿಕಿತ್ಸೆ ಇವೆ.

‘ಇದು ಕ್ಯಾನ್ಸರಾ?’ ಎಂದು ಕೇಳಿದರು. ಆ ಜಾತಿಯದ್ದೇ, ಆದರೆ ನಿಧಾನದ್ದು, ಪೂರ್ತಿ ಬಂದಿದೆ ಎಂದೆ. ಅವರಿಗೆ ಪದೇ ಪದೇ ಸ್ಕೋಪ್ ಬೇಕಾಗಿಲ್ಲ. ಅಂಚಿನಲ್ಲಿ ಗಡ್ಡೆ ಉಳಿದಿದ್ದ ಆ ಹಿಂದಿನ ರೋಗಿಯನ್ನು ಮಾತ್ರ ಈಗಲೂ ವರ್ಷಕ್ಕೊಮ್ಮೆ ಕರೆಸಿ ನೋಡುತ್ತೇನೆ.