ತೊಗರಿ ಲಾಟ್ ಲಿಸ್ಟ್ ವೆಬ್‌ಸೈಟ್ ಮ್ಯಾಲ ತಂದಿದ್ದು: ಪವರ್ ಪೇಜಸ್ ಜೋಡಿ ನನ್ನ ಅನುಭವ

ನಮ್ಮ ಕಲಬುರಗಿ ಕಡಿ ತೊಗರಿ ಡಿಸೆಂಬರ್-ಜನವರಿದಾಗ ಒಮ್ಮೆಲೆ ಬಂದು ಬೀಳ್ತದ, ಗಂಜ್‌ದಾಗ ಟ್ರ್ಯಾಕ್ಟರ್ ನಡುವ ಹಾದಿ ಸಿಗಂಗಿಲ್ಲ, ಅದೇ ಟೈಮಿಗೆ ನಮ್ಮ ರೈತ ಉತ್ಪಾದಕ ಕಂಪನಿ ಗೋಡೌನ್‌ದಾಗೂ ಲಾಟ್ ಮ್ಯಾಲ ಲಾಟ್. ದಾಲ್ ಮಿಲ್‌ನವರು ಫೋನ್ ಹಚ್ಚಿದ್ರ ಕೇಳೋದು ಒಂದೇ, ಇವತ್ತ ಎಷ್ಟು ಚೀಲ ಅವ, ಯಾವ ತಳಿ, ತೇವ ಎಷ್ಟು ಅಂತ. ರೈತರು ಕೇಳೋದು ಬ್ಯಾರೆ, "ನಂದು ಹೋತೇನ್ರಿ, ಇನ್ನಾ ಅಲ್ಲೇ ಅದೇನ್ರಿ". ಈ ಎರಡಕ್ಕೂ ಒಂದೇ ವೆಬ್‌ಸೈಟ್‌ದಾಗ ಉತ್ತರ ಸಿಗ್ಬೇಕು, ಕೋಡ್ ಬರಿಯೋರ್ನ ಇಟ್ಕೊಳ್ಳೋಷ್ಟು ರೊಕ್ಕ ಇಲ್ಲ, ಲೆಕ್ಕಪತ್ರ ನೋಡ್ಕೊಳ್ಳೋ ನಾನೇ ಮಾಡ್ಬೇಕು ಅಂತಾದಾಗ ಬಹಳ ಕೋಡ್ ಬರೀದೇ ವೆಬ್‌ಸೈಟ್ ಕಟ್ಲಿಕ್ಕ ಬರೋ ಮೈಕ್ರೋಸಾಫ್ಟ್ ಪವರ್ ಪೇಜಸ್ ಹಿಡ್ಕೊಂಡೆ. ಟ್ರಯಲ್ ಸೈಟ್ 30 ದಿನ ಫ್ರೀ ಸಿಗ್ತದ, ಕಲೀಲಿಕ್ಕ ಅಷ್ಟು ಸಾಕಾಗ್ತದ.

ಮೊದಲು ಡೇಟಾ. ಇದು ಎಲ್ಲಾ ಕೂಡೋದು ಡೇಟಾವರ್ಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ಟೇಬಲ್‌ದಾಗ. ತೊಗರಿ ಲಾಟ್ ಅಂತ ಒಂದು ಟೇಬಲ್ ಮಾಡಿ ಲಾಟ್ ನಂಬರ್‌ಗೆ ತಾನೇ ನಂಬರ್ ಹಾಕೋ ಆಟೋನಂಬರ್ ಕಾಲಂ ಇಟ್ಟೆ, ರೈತರಿಗೆ ಜನರ ವಿವರ ಇರೋ ಕಾಂಟ್ಯಾಕ್ಟ್ ಟೇಬಲ್‌ಗೆ ಲುಕಪ್ (ಜೋಡಣಿ ಕಾಲಂ), ತಳಿಗೆ ಚಾಯ್ಸ್, ಅಂದ್ರ ಪಟ್ಟಿದಾಗಿಂದ ಆರಿಸೋ ಕಾಲಂ (ಟಿಎಸ್-3ಆರ್, ಜಿಆರ್‌ಜಿ-811, ಇತರೆ), ತಾಲೂಕಿಗೂ ಚಾಯ್ಸ್, ಆಮ್ಯಾಲ ಚೀಲ, ಕ್ವಿಂಟಾಲ್, ತೇವ, ಸ್ಟೇಟಸ್. ತಾಲೂಕು ಯಾಕಂದ್ರ 2019ರಾಗ ಗುಲ್ಬರ್ಗಾ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್ (ಈ ಊರ ಕಡಿದೇ ಮಾಲು ಅನ್ನೋ ಸರ್ಕಾರಿ ಗುರುತು) ಬಂದದ, ಮಾಲು ಯಾವ ಕಡಿದು ಅಂತ ಕೇಳೋ ಖರೀದಿದಾರ್ರು ಇರ್ತಾರ, ಮತ್ತ ಜನರಿಗೆ ಕೈಯಿಂದ ಟೈಪ್ ಮಾಡ್ಲಿಕ್ಕ ಬಿಟ್ರ ಒಬ್ರು ಅಫಜಲಪುರ ಅಂತಾರ ಇನ್ನೊಬ್ರು ಅಫ್ಜಲ್‌ಪೂರ್ ಅಂತಾರ, ಫಿಲ್ಟರ್ ಮಾಡಿದ್ರ ಅರ್ಧ ಲಾಟ್ ಮಾಯ. ಕಾಲಂ ಹೆಸರು ಕನ್ನಡದಾಗೇ ಕೊಡ್ಬಹುದು, ಲಿಸ್ಟ್‌ದಾಗ ತಲಿಬರಹ ಅದೇ ಬರ್ತದ, ಒಳಗಿನ ಸ್ಕೀಮಾ ಹೆಸರು ಮಾತ್ರ ಇಂಗ್ಲಿಷ್‌ದಾಗ ಇರ್ತದ. ಹಳೇ ಎಕ್ಸೆಲ್ ತರೋವಾಗ ಒಂದು ನೋಡ್ಕೊಳ್ರಿ, ಅದು ನುಡಿ ಹಳೇ ಫಾಂಟ್‌ದಾಗ ಟೈಪ್ ಆಗಿದ್ರ ಬ್ರೌಸರ್‌ದಾಗ ಎಲ್ಲಾ ವಿಚಿತ್ರ ಅಕ್ಷರ ಕಾಣ್ತಾವ, ಮೊದಲು ಯೂನಿಕೋಡ್‌ಗೆ ಬದಲಿ ಮಾಡಿನೇ ಇಂಪೋರ್ಟ್ ಮಾಡ್ಬೇಕು.

ಪೇಜ್ ಮ್ಯಾಲ ಲಿಸ್ಟ್ ಇಡೋದು ಸುಲಭ. ಡಿಸೈನ್ ಸ್ಟುಡಿಯೋದಾಗ ಪೇಜ್ ತಗದು, ಪ್ಲಸ್ ಒತ್ತಿ, ಲಿಸ್ಟ್ ಆರಿಸಿ, ಟೇಬಲ್ ಹೇಳಿ, ಅದರ ಯಾವ ವ್ಯೂ ತೋರಿಸ್ಬೇಕು ಅಂತ ಹೇಳಿದ್ರ ಆಯ್ತು. ವ್ಯೂ ಅಂದ್ರ ಯಾವ ಕಾಲಂ, ಯಾವ ಕ್ರಮ, ಯಾವ ಫಿಲ್ಟರ್ ಅನ್ನೋದು, ಅದನ್ನ ಮೊದಲೇ ಡೇಟಾ ವರ್ಕ್‌ಸ್ಪೇಸ್‌ದಾಗ ಮಾಡಿಟ್ಕೋಬೇಕು. ನಾನು "ಮಾರಾಟಕ್ಕ ಇರೋವು" ಅಂತ ವ್ಯೂ ಮಾಡಿ ಸ್ಟೇಟಸ್ ಫಿಲ್ಟರ್ ಹಾಕ್ದೆ. ಹೊರಗಿಂದ ತೆಗೆದು ನೋಡಿದ್ರ ಲಾಟ್ ಬರಂಗಿಲ್ಲ, ನೋಡ್ಲಿಕ್ಕ ನಿಮ್ಗ ಪರ್ಮಿಶನ್ ಇಲ್ಲ ಅಂತ ಬರ್ತದ. ಎಲ್ಲಾರೂ ಇಲ್ಲೇ ಬ್ಯಾಸತ್ತು ಒಂದು ಕೆಲ್ಸ ಮಾಡ್ತಾರ, ಟೇಬಲ್ ಪರ್ಮಿಶನ್‌ದಾಗ (ಯಾರಿಗೆ ಯಾವ ಸಾಲು ಕಾಣ್ಬೇಕು ಅಂತ ಹೇಳೋ ಸೆಟ್ಟಿಂಗ್) ಗ್ಲೋಬಲ್ ಆಕ್ಸೆಸ್ ಆರಿಸಿ, ರೀಡ್ ಟಿಕ್ ಮಾಡಿ, ಅನಾನಿಮಸ್ ಯೂಸರ್ಸ್ (ಲಾಗಿನ್ ಇಲ್ದೇ ನೋಡೋರು) ರೋಲ್ ಕೊಟ್ಟು ಬಿಡ್ತಾರ. ಲಿಸ್ಟ್ ಪಟ್ ಅಂತ ಬಂದ್ಬಿಡ್ತದ, ಖುಷಿ ಆಗ್ತದ.

ನಾನು ಅಲ್ಲಿ ನಿಂತೆ, ಯಾಕಂದ್ರ ಗ್ಲೋಬಲ್ ಅಂದ್ರ ಆ ಟೇಬಲ್‌ದಾಗಿನ ಎಲ್ಲಾ ಸಾಲೂ. ವ್ಯೂದಾಗ ಹಾಕಿದ ಫಿಲ್ಟರ್ ಕಣ್ಣಿಗೆ ಅಷ್ಟೇ, ಅದು ಕಾವಲು ಅಲ್ಲ. ಟ್ರಯಲ್ ಸೈಟ್‌ದಾಗ ಹಿಂಗ ನೋಡ್ದೆ: ಸುಳ್ಳು ಹೆಸರಿನ ಒಂದು ಲಾಟ್ ಹಾಕಿ, ಅದರ ವಿವರ ಪೇಜಿನ ಲಿಂಕ್ ನನ್ನ ವಾಟ್ಸಾಪ್‌ಗೆ ಕಳ್ಸಿಕೊಂಡೆ (ಲಿಂಕಿನ ಕೊನಿಗೆ ಐಡಿ ಅಂತ ಉದ್ದಾನ ನಂಬರ್ ಇರ್ತದ), ಆಮ್ಯಾಲ ಸ್ಟೇಟಸ್ "ಮಾರಾಟ ಆಯ್ತು" ಮಾಡ್ದೆ. ಲಿಸ್ಟ್‌ದಿಂದ ಲಾಟ್ ಹೋತು. ಲಾಗಿನ್ ಇಲ್ದೇ ಇನ್‌ಕಾಗ್ನಿಟೋದಾಗ ಆ ಲಿಂಕ್ ಒತ್ತಿದ್ರ ಆರಾಮ್ ತಕ್ಕೊಂತು, ರೈತರ ಹೆಸರು, ತೂಕ, ಕೇಳಿದ ರೇಟ್ ಎಲ್ಲಾ ಕಣ್ಮುಂದ. ಖರೀದಿದಾರ್ರು ಇಂಥಾ ಲಿಂಕ್ ಗ್ರೂಪ್‌ದಾಗ ಫಾರ್ವರ್ಡ್ ಮಾಡೋದು ಎಷ್ಟು ಅಂತ ನಮ್ಗ ಗೊತ್ತೇ ಅದ.

ಇದು ಸಣ್ಣ ವಿಷಯ ಅಲ್ಲ ಮತ್ತ. 2021ರ ಆಗಸ್ಟ್‌ದಾಗ ಅಪ್‌ಗಾರ್ಡ್ ಅನ್ನೋ ಸೆಕ್ಯೂರಿಟಿ ಕಂಪನಿ ಹೊರಗ ಹಾಕಿದ್ದು ಇದೇ ಜಾತಿ ಕತಿ, ಆಗ ಇದರ ಹೆಸರು ಪವರ್ ಆ್ಯಪ್ಸ್ ಪೋರ್ಟಲ್ಸ್, ಲಿಸ್ಟ್‌ಗೆ ಒಡೇಟಾ ಫೀಡ್ (ಲಿಸ್ಟಿನ ಡೇಟಾ ಬ್ಯಾರೆ ಪ್ರೋಗ್ರಾಂ ಓದ್ಲಿಕ್ಕ ಕೊಡೋ ಲಿಂಕ್) ಆನ್ ಮಾಡಿ ಟೇಬಲ್ ಪರ್ಮಿಶನ್ ಹಾಕ್ದೇ ಬಿಟ್ಟಿದ್ದ 47 ಸಂಸ್ಥೆಗಳ 3.8 ಕೋಟಿ ರೆಕಾರ್ಡ್ ಯಾರು ಬೇಕಾದ್ರೂ ಓದೋ ಹಂಗ ಬಿದ್ದಿದ್ವು. ಆಮ್ಯಾಲ ಮೈಕ್ರೋಸಾಫ್ಟ್ ಪರ್ಮಿಶನ್ ಡಿಫಾಲ್ಟ್ ಆಗೇ ಆನ್ ಮಾಡ್ತು. ಅಂದ್ರ ಈಗ ಬರೋ ಆ ಕಿರಿಕಿರಿ ಮೆಸೇಜ್ ನಮ್ಮ ಒಳ್ಳೇದಕ್ಕೇ ಬಂದದ್ದು.

ಹಂಗಾಗಿ ನಾನು ಟೇಬಲ್ಲೇ ಎರಡು ಮಾಡ್ದೆ. ಅಸಲಿ ತೊಗರಿ ಲಾಟ್ ಟೇಬಲ್ ಹೊರಗಿನವರಿಗೆ ಪೂರ್ತಿ ಬಂದ್. ಇನ್ನೊಂದು ಸಣ್ಣದು, ಅದ್ರಾಗ ಲಾಟ್ ನಂಬರ್, ತಳಿ, ತಾಲೂಕು, ಚೀಲ, ತೇವ, ದಿನಾಂಕ ಇಷ್ಟೇ, ರೈತರ ಹೆಸರಿನ ಕಾಲಂ ಅನ್ನೋದೇ ಇಲ್ಲ. ಗೋಡೌನ್‌ದವರು ಸ್ಟೇಟಸ್ "ಮಾರಾಟಕ್ಕ" ಮಾಡಿದ್ರ ಪವರ್ ಆಟೋಮೇಟ್ ಫ್ಲೋ (ತಾನೇ ಕೆಲ್ಸ ಮಾಡೋ ಮೈಕ್ರೋಸಾಫ್ಟ್ ಸಾಧನ) ಸಣ್ಣ ಟೇಬಲ್‌ದಾಗ ಸಾಲು ಹಾಕ್ತದ, "ಮಾರಾಟ ಆಯ್ತು" ಮಾಡಿದ್ರ ಅಳಸ್ತದ. ಗ್ಲೋಬಲ್ ರೀಡ್ ಕೊಟ್ಟಿದ್ದು ಈ ಸಣ್ಣದಕ್ಕ. ಒಂದೇ ಡೇಟಾ ಎರಡು ಕಡಿ ಯಾಕ ಅಂತ ತಿಳಿದವರು ಮೂಗು ಮುರಿಬಹುದು, ಮುರೀಲಿ, ಇಲ್ದೇ ಇರೋ ಕಾಲಂ ಸೋರಿ ಹೋಗ್ಲಿಕ್ಕ ಸಾಧ್ಯ ಇಲ್ಲ ಅಲ್ಲ.

ರೈತರಿಗೆ "ನನ್ನ ಲಾಟ್" ಅಂತ ಬ್ಯಾರೆ ಪೇಜ್. ಇದಕ್ಕ ಅಸಲಿ ಟೇಬಲ್ ಮ್ಯಾಲ ಕಾಂಟ್ಯಾಕ್ಟ್ ಆಕ್ಸೆಸ್ ಕೊಟ್ಟೆ, ರಿಲೇಶನ್‌ಶಿಪ್ ಅಂತ ಕೇಳೋ ಕಡಿ ರೈತರ ಲುಕಪ್ ಆರಿಸ್ದೆ, ರೋಲ್ ಅಥೆಂಟಿಕೇಟೆಡ್ ಯೂಸರ್ಸ್ (ಲಾಗಿನ್ ಆದವರು). ಲಾಗಿನ್ ಆದವರ ಕಾಂಟ್ಯಾಕ್ಟ್‌ಗೆ ಜೋಡಿಸಿದ ಸಾಲು ಮಾತ್ರ ಬರ್ತಾವ, ಒಂದೂ ಫಿಲ್ಟರ್ ಬರೀಬೇಕಾಗಿಲ್ಲ. ನೆನಪಿಡ್ರಿ, ಪರ್ಮಿಶನ್ ಒಂದಕ್ಕೊಂದು ಕೂಡ್ತಾವ, ಕಳಿಯಂಗಿಲ್ಲ. ಅದೇ ಟೇಬಲ್ ಮ್ಯಾಲ ಅದೇ ರೋಲಿಗೆ ಎಲ್ಲೋ ಒಂದು ಗ್ಲೋಬಲ್ ರೀಡ್ ಉಳಿದಿದ್ರ ಈ ಕಾಂಟ್ಯಾಕ್ಟ್ ಆಕ್ಸೆಸ್ ಇದ್ದೂ ಇಲ್ದಂಗ, ಎಲ್ಲಾರದ್ದೂ ಎಲ್ಲಾರಿಗೂ ಕಾಣ್ತದ. ರೈತರನ್ನ ಒಳಗ ಕರ್ಕೊಳ್ಳೋದು ಇನ್ವಿಟೇಶನ್ ಕೋಡ್‌ದಿಂದ, ಬಹಳ ಮನಿದಾಗ ಲಾಗಿನ್ ಮಾಡೋದು ಮಗನೋ ಮಗಳೋ.

ಇನ್ನ ತಲಿಬ್ಯಾನಿ ಕೊಟ್ಟಿದ್ದು ಕ್ಯಾಶ್ (cache, ರೊಕ್ಕದ ಕ್ಯಾಶ್ ಅಲ್ಲ). ಸೈಟ್ ತನ್ನ ಹತ್ರ ಡೇಟಾದ ನಕಲು ಇಟ್ಕೊಂಡಿರ್ತದ, ಬ್ಯಾರೆ ಕಡಿಂದ ಡೇಟಾವರ್ಸ್‌ದಾಗ ಬದಲಿ ಮಾಡಿದ್ದು ಸೈಟ್ ಮ್ಯಾಲ ಕಾಣ್ಲಿಕ್ಕ 15 ನಿಮಿಷ ತನಕ ಹಿಡೀಬಹುದು. ಗೋಡೌನ್‌ದಾಗ ಕಾಟಾ ನೋಡೋ ಕಾಕಾ ಮೊಬೈಲ್ ಆ್ಯಪ್‌ದಾಗ ಎಂಟ್ರಿ ಮಾಡಿ, ಸೈಟ್ ನೋಡಿ, ಕಾಣಂಗಿಲ್ಲ ಅಂತ ಅದೇ ಲಾಟ್ ಮತ್ತೊಮ್ಮೆ ಎಂಟ್ರಿ ಮಾಡಿ ಬಿಟ್ಟಿದ್ರು. "ತಮ್ಮಾ, ನಿನ್ನ ಸೈಟ್ ನಿದ್ದಿ ಮಾಡ್ಲಕತ್ತದ" ಅಂತ ಫೋನ್ ಬ್ಯಾರೆ. ಅವರಿಗೆ ಕ್ಯಾಶ್ ತಿಳಿಸಿ ಹೇಳೋಕಿಂತ ಕಾಟಾ ಚೀಟಿ ನಂಬರ್ ಕಾಲಂಗೆ ಆಲ್ಟರ್ನೇಟ್ ಕೀ ಹಾಕೋದು ಸುಲಭ ಆಯ್ತು, ಈಗ ಅದೇ ಚೀಟಿ ಎರಡನೇ ಸಲ ಹೊಡದ್ರ ಸೇವ್ ಆಗಂಗಿಲ್ಲ. ಅರ್ಜೆಂಟ್ ಇದ್ರ ಅಡ್ಮಿನ್ ಲಾಗಿನ್ ಮಾಡಿ ಸೈಟ್ ವಿಳಾಸದ ಮುಂದ /_services/about ಅಂತ ಹಾಕಿ ಆ ಪೇಜ್ ತಗದು ಕ್ಲಿಯರ್ ಕ್ಯಾಶ್ ಒತ್ತಬಹುದು, ಆದ್ರ ದಿನಾ ಅದನ್ನೇ ಒತ್ಕೋತ ಕೂತ್ರ ಸೈಟ್ ನಿಧಾನ ಆಗ್ತದ.

ಖರೀದಿದಾರ್ರು ಎಲ್ಲಾ ನೋಡೋದು ಮೊಬೈಲ್‌ದಾಗ, ಅಲ್ಲಿ ಅಷ್ಟು ಕಾಲಂ ಹಿಡಿಸಂಗಿಲ್ಲ. ಅದಕ್ಕ ಹೊರಗಿನ ಪೇಜಿಗೆ ಲಿಸ್ಟ್ ತಗದು ಲಿಕ್ವಿಡ್‌ದಾಗ (ಪವರ್ ಪೇಜಸ್‌ದಾಗಿನ ಟೆಂಪ್ಲೇಟ್ ಭಾಷೆ) ಕಾರ್ಡ್ ಮಾಡ್ದೆ. ವೆಬ್ ಟೆಂಪ್ಲೇಟ್‌ದಾಗ ಡೇಟಾವರ್ಸ್‌ದಿಂದ ಸಾಲು ಕೇಳೋ ಫೆಚ್‌ಎಕ್ಸ್‌ಎಂಎಲ್ ಟ್ಯಾಗ್ ಬರದು, ಬಂದ ಎಂಟಿಟಿಗಳ (ಸಾಲುಗಳ) ಮ್ಯಾಲ ಫಾರ್ ಲೂಪ್ ತಿರುಗಿಸಿದ್ರ ಲಾಟಿಗೊಂದು ಕಾರ್ಡ್, ಕೋಡ್ ಅಂತ ಬರದದ್ದು ಇಷ್ಟೇ, ಅದಕ್ಕೂ ಇದೇ ಟೇಬಲ್ ಪರ್ಮಿಶನ್ ಅನ್ವಯ ಆಗ್ತದ. ಚಾಯ್ಸ್ ಕಾಲಂ ಹಂಗೇ ಬರದ್ರ ತಳಿ ಹೆಸರು ಬರಂಗಿಲ್ಲ, ಮುಂದ ಡಾಟ್ ಲೇಬಲ್ ಅಂತ ಹಚ್ಚಬೇಕು. ದಿನಾಂಕದ್ದು ಇನ್ನೂ ಮಜಾ. ಸೀಸನ್‌ದಾಗ ಟ್ರ್ಯಾಕ್ಟರ್ ನಸುಕಿನ್ಯಾಗೇ ಬಂದು ನಿಲ್ತಾವ, ಮುಂಜಾನಿ 5 ಗಂಟಿಗೆ ತೂಗಿದ ಲಾಟ್ ಕಾರ್ಡ್ ಮ್ಯಾಲ ನಿನ್ನಿ ತಾರೀಖು ತೋರಿಸ್ತಿತ್ತು, 6 ಗಂಟಿಗೆ ತೂಗಿದ್ದು ಸರಿ. ಲಿಕ್ವಿಡ್ ಕೊಡೋದು ಯುಟಿಸಿ (ಜಾಗತಿಕ ಮಾನಕ) ಟೈಮ್, ನಮ್ದು ಅದಕ್ಕಿಂತ ಐದೂವರೆ ತಾಸು ಮುಂದ, ಅದಕ್ಕ ಡೇಟ್ ಆ್ಯಡ್ ಮಿನಿಟ್ಸ್ ಫಿಲ್ಟರ್‌ಗೆ 330 ಕೊಟ್ಟೆ, ಸರಿ ಹೋತು. ಬರೇ ತಾರೀಖು ಸಾಕು ಅನ್ನೋರು ಕಾಲಂ ಮಾಡೋವಾಗೇ ಅದರ ಬಿಹೇವಿಯರ್ ಡೇಟ್ ಓನ್ಲಿ ಇಟ್ಕೊಂಡ್ರ ಈ ಗೋಳೇ ಇಲ್ಲ.

"ನನ್ನ ಲಾಟ್" ಪೇಜ್‌ದಾಗ ಲಿಸ್ಟೇ ಉಳಿಸೀನಿ, ಒಬ್ರಿಗೆ ನಾಕೈದು ಸಾಲು ಬರ್ತಾವ, ಅಷ್ಟಕ್ಕ ಕಾರ್ಡ್ ಯಾಕ. ಅದರ ಸರ್ಚ್ ಡಬ್ಬಿ ಮಾತ್ರ ಅಕ್ಷರ ಮೊದಲಿಂದ ಹೊಂದಿದ್ರ ಅಷ್ಟೇ ಹುಡುಕ್ತದ, ನಡುವಿನ ನಂಬರ್ ಹಾಕಿ ಹುಡುಕಬೇಕಂದ್ರ ಮುಂದ ನಕ್ಷತ್ರ ಚಿಹ್ನೆ ಹಾಕ್ಬೇಕು, ಯಾವ ರೈತರು ಹಾಕ್ತಾರ, ಅದಕ್ಕ ಸರ್ಚ್ ಬಂದ್ ಮಾಡಿ ಇಟ್ಟೀನಿ.

ಖರ್ಚಿನ ಬಗ್ಗೆ ಕೇಳೋರಿಗೆ: ಲೈಸೆನ್ಸ್ ಪ್ಯಾಕ್ ಲೆಕ್ಕ ಸೈಟಿಗೆ ಇಷ್ಟು, ತಿಂಗಳಿಗೆ ಇಷ್ಟು ಅಂತ. ಲಾಗಿನ್ ಮಾಡೋರ ಪ್ಯಾಕ್ 100 ಜನರದ್ದು, ಲಾಗಿನ್ ಇಲ್ದೇ ನೋಡೋರದ್ದು 500 ಜನರದ್ದು, ಲಾಗಿನ್‌ದೇ ತುಟ್ಟಿ. ನಮ್ಮ ಕಡಿ ರೈತರು ಸೀಸನ್ ಮೂರ್ನಾಕು ತಿಂಗಳು ಬಿಟ್ರ ಸೈಟ್ ಕಡಿ ಹೊಳ್ಳಿ ನೋಡಂಗಿಲ್ಲ, ಖರೀದಿದಾರ್ರು ವರ್ಷಪೂರ್ತಿ ನೋಡ್ತಾರ, ಹಿಂಗಾಗಿ ಹೊರಗಿನ ಕಾರ್ಡ್ ಪೇಜ್ ಮೊದಲು ಚಾಲೂ ಮಾಡಿ, ರೈತರ ಲಾಗಿನ್ ಸದ್ಯಕ್ಕ ಆಳಂದ, ಕಮಲಾಪುರ ಎರಡೇ ತಾಲೂಕಿನವರಿಗೆ ಕೊಟ್ಟೀವಿ.