ಕರ್ವ್ ಸತ್ತಿತು ಎಂದು ಎಲ್ಲರೂ ಹೇಳುವಾಗ ನಾನು ಮಷೀನ್ ತಂದೆ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಶುರು ಮಾಡಿ 13 ವರ್ಷ ಆಯಿತು. ಈಗ ವಾರಕ್ಕೆ ಹದಿನೈದು, ಹದಿನೆಂಟು ಕರ್ವ್ ಗ್ಲಾಸ್ (ಅಂಚು ಬಾಗಿದ ಫೋನಿನ ಮೇಲಿನ ಗಾಜು, ಎಡ್ಜ್ ಅಂತಲೂ ಹೇಳುತ್ತಾರೆ) ಬದಲಾಯಿಸುತ್ತೇನೆ. ನೂರಕ್ಕೆ ತೊಂಬತ್ತರ ಮೇಲೆ ಪಾಸ್. ಶಿರಾ, ಗುಬ್ಬಿ, ತಿಪಟೂರು ಕಡೆಯ ಅಂಗಡಿಯವರು ಬಸ್ಸಿನಲ್ಲಿ ಪೀಸ್ ಕಳಿಸಿಕೊಡುತ್ತಾರೆ. ಎರಡು ವರ್ಷದ ಹಿಂದೆ ಇವರೇ "ಬೇಡ ಗುರು, ದುಡ್ಡು ಹಾಳು" ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫ್ಲಾಟ್ ಗ್ಲಾಸ್ ಮಾಡುವವರಿಗೆ ಓಸಿಎ ಅಂದರೆ ಏನು, ಬಬಲ್ ರಿಮೂವರ್ ಅಂದರೆ ಏನು ಎಂದು ಹೇಳಬೇಕಾಗಿಲ್ಲ. ಬೇರೆಯವರಿಗೆ ಒಂದೇ ಮಾತು: ಓಸಿಎ ಅಂದರೆ ಗಾಜನ್ನು ಡಿಸ್‌ಪ್ಲೇಗೆ ಅಂಟಿಸುವ ಪಾರದರ್ಶಕ ಗಮ್ ಹಾಳೆ, ಬಬಲ್ ರಿಮೂವರ್ ಅಂದರೆ ಅಂಟಿಸಿದ ಮೇಲೆ ಗಾಳಿಗುಳ್ಳೆ ತೆಗೆಯುವ ಮಷೀನ್. ನೇರ ವಿಷಯಕ್ಕೆ ಬರುತ್ತೇನೆ.

2023ರ ಕೊನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಕರ್ವ್ ಡಿಸ್‌ಪ್ಲೇ ಹೋಗುತ್ತಿದೆ. ಅಕ್ಟೋಬರ್‌ನಲ್ಲಿ ಗೂಗಲ್ ಪಿಕ್ಸೆಲ್ 8 ಪ್ರೊ ಫ್ಲಾಟ್ ಆಗಿ ಬಂತು. ಅದರ ಹಿಂದಿನ 6 ಪ್ರೊ, 7 ಪ್ರೊ ಎರಡೂ ಬಾಗಿದ್ದವು. ಸ್ಯಾಮ್‌ಸಂಗ್ ಎಸ್24 ಅಲ್ಟ್ರಾ ಕೂಡ ಫ್ಲಾಟ್ ಅಂತೆ ಎಂದು ಲೀಕ್ ಮೇಲೆ ಲೀಕ್. 2014ರಲ್ಲಿ ನೋಟ್ ಎಡ್ಜ್, 2015ರಲ್ಲಿ ಎಸ್6 ಎಡ್ಜ್ ತಂದು ಈ ಹುಚ್ಚು ಹಬ್ಬಿಸಿದ ಕಂಪನಿಯೇ ಕೈಬಿಟ್ಟರೆ ಇನ್ನು ಉಳಿಯುವುದು ಏನು, ಅಲ್ವಾ? 2024ರ ಜನವರಿಯಲ್ಲಿ ಲೀಕ್ ನಿಜವಾಯಿತು. ಬೆಂಗಳೂರು ಎಸ್‌.ಪಿ. ರೋಡಿನಲ್ಲಿ ನಾನು ಸ್ಪೇರ್ ತೆಗೆದುಕೊಳ್ಳುವ ಅಂಗಡಿಯವರು ಬಾಯಿಬಿಟ್ಟೇ ಹೇಳಿದರು. "ಕರ್ವ್ ಕಥೆ ಮುಗೀತು. ಈಗ ಎಡ್ಜ್ ಮಷೀನ್ ತಗೊಂಡು ಏನ್ ಮಾಡ್ತೀಯಾ? ಮಾರೋರು ಸಿಗ್ತಾರೆ, ಕೊಳ್ಳೋರು ಸಿಗಲ್ಲ."

ನನಗೆ ಮಾತ್ರ ಲೆಕ್ಕ ಬೇರೆ ಕಾಣುತ್ತಿತ್ತು. ಲೀಕ್ ಸುದ್ದಿ ಹೇಳುವುದು ಮುಂದಿನ ಫೋನಿನ ಬಗ್ಗೆ. ನಮ್ಮ ಟೇಬಲ್ಲಿಗೆ ಬರುವುದು ಒಂದೆರಡು ವರ್ಷದ ಹಿಂದೆ ಮಾರಾಟವಾದ ಫೋನು. ಇನ್ನೊಂದು ವಿಷಯವನ್ನು ಯಾರೂ ಗಮನಿಸಲಿಲ್ಲ. ಲಕ್ಷ ರೂಪಾಯಿ ಫೋನುಗಳು ಕರ್ವ್ ಬಿಡುತ್ತಿದ್ದ ಹೊತ್ತಿಗೇ ಇಪ್ಪತ್ತು, ಮೂವತ್ತು ಸಾವಿರದ ಫೋನುಗಳು ಅದನ್ನು ಹಿಡಿದುಕೊಂಡವು. 2023ರ ಮೇನಲ್ಲಿ ಲಾವಾ ಅಗ್ನಿ 2 ಸುಮಾರು 22 ಸಾವಿರಕ್ಕೆ ಕರ್ವ್ ಅಮೊಲೆಡ್ ಕೊಟ್ಟಿತು. ಮುಂದಿನ ತಿಂಗಳೇ ರಿಯಲ್‌ಮಿ 11 ಪ್ರೊ. 2024ರ ಜನವರಿಯಲ್ಲಿ, ಎಸ್24 ಅಲ್ಟ್ರಾ ಫ್ಲಾಟ್ ಆಗಿ ಬಂದ ಅದೇ ತಿಂಗಳು, ರೆಡ್‌ಮಿ ನೋಟ್ 13 ಪ್ರೊ ಪ್ಲಸ್ ಕರ್ವ್ ಆಗಿ ಬಂತು. ವಿವೋ ವಿ ಸರಣಿ, ಮೋಟೋ ಎಡ್ಜ್ ಸರಣಿ ಇದ್ದೇ ಇದ್ದವು. ನಮ್ಮ ಊರಿನಲ್ಲಿ ಲಕ್ಷದ ಫೋನ್ ಎಷ್ಟು ಮಾರುತ್ತದೆ? ಮಾರುವುದೆಲ್ಲ 25 ಸಾವಿರದ ಆಸುಪಾಸಿನದು.

ಇದು ಬರೀ ಊಹೆ ಆಗಬಾರದು ಎಂದು ಅದಕ್ಕೂ ಮುಂಚೆಯೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಕವರ್, ಗಾರ್ಡ್ ಹಾಕಿಸಲು ಕರ್ವ್ ಫೋನ್ ತಂದವರಿಗೆಲ್ಲ ಎರಡು ಪ್ರಶ್ನೆ. ಇದನ್ನು ಯಾಕೆ ತಗೊಂಡ್ರಿ? ಮುಂದಿನ ಫೋನ್ ಯಾವುದು ಬೇಕು? ಎಂಟು ತಿಂಗಳಲ್ಲಿ ಇನ್ನೂರರ ಹತ್ತಿರ ಜನ ಸಿಕ್ಕರು. ಹತ್ತರಲ್ಲಿ ಆರು ಮಂದಿ ಮುಂದಿನದು ಫ್ಲಾಟ್ ಸಾಕು ಅಂದರು. ಒಬ್ಬರು ಬಸ್ ಕಂಡಕ್ಟರ್, ಅಂಗೈ ತಗುಲಿ ಏನೇನೋ ಓಪನ್ ಆಗುತ್ತದೆ ಎಂದು ಬೇಸರ ಮಾಡಿಕೊಂಡರು. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಬಿಸಿಲಲ್ಲಿ ಅಂಚಿನ ಉದ್ದಕ್ಕೂ ಬಿಳಿ ಗೆರೆ ಹೊಳೆದು ಕಣ್ಣು ಕುಕ್ಕುತ್ತಿತ್ತು. ಇನ್ನು ಟೆಂಪರ್ಡ್ ಗ್ಲಾಸ್ ಕೂರುವುದಿಲ್ಲ ಎಂಬ ದೂರು ಎಲ್ಲರದ್ದೂ. ಆದರೆ ಕಾಲೇಜು ಹುಡುಗಿಯೊಬ್ಬಳು ಹೇಳಿದ ಮಾತು ನೆನಪಿದೆ. "ಅಣ್ಣಾ, ಇದು ಕೈಗೆ ಮೆತ್ತಗೆ ಕೂರುತ್ತೆ. ಫ್ಲಾಟ್ ಹಿಡಿದ್ರೆ ಅಂಚು ಚುಚ್ಚುತ್ತೆ." ಅಂಥವರೂ ಕಡಿಮೆ ಇರಲಿಲ್ಲ.

ನೋಟ್‌ಬುಕ್ಕಿನಲ್ಲಿ ನನ್ನ ಕಣ್ಣು ತೆರೆಸಿದ್ದು ಬೇರೆಯೇ. ಮೊದಲ ಪ್ರಶ್ನೆಗೆ ಬಹುತೇಕರ ಉತ್ತರ ಒಂದೇ. ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಚೆನ್ನಾಗಿ ಕಂಡಿತು, ತಗೊಂಡೆ. ಅದೂ ಇಎಂಐನಲ್ಲಿ. ಎಂಟನೇ ಕಂತಿಗೆ ಗ್ಲಾಸ್ ಒಡೆಯುತ್ತದೆ. ಕಂತು ಇನ್ನೂ ಬಾಕಿ, ಫೋನ್ ಬಿಸಾಡುವ ಹಾಗಿಲ್ಲ. ಕಾಂಬೊ (ಗಾಜು, ಡಿಸ್‌ಪ್ಲೇ ಸೇರಿದ ಪೂರ್ತಿ ಸೆಟ್) ಹಾಕಿಸೋಣ ಎಂದರೆ ಹತ್ತು ಸಾವಿರ, ದೊಡ್ಡ ಮಾಡೆಲ್ ಆದರೆ ಹದಿನೆಂಟು. ಒಳಗಿನ ಡಿಸ್‌ಪ್ಲೇ ಚೆನ್ನಾಗಿಯೇ ಇರುತ್ತದೆ, ಮೇಲಿನ ಗಾಜು ಮಾತ್ರ ಹೋಗಿರುತ್ತದೆ. ಅವರಿಗೆ ಬೇಕಿದ್ದದ್ದು ಮೂರು ಸಾವಿರದ ರಿಪೇರಿ. ಅದನ್ನು ಮಾಡುವವರು ತುಮಕೂರಿನಲ್ಲಿ ಆಗ ಇರಲಿಲ್ಲ.

ಮೊದಲು ಇದ್ದ ಸಾಮಾನಿನಲ್ಲೇ ಪ್ರಯತ್ನ ಮಾಡಿದೆ. ಹಾಟ್‌ಪ್ಲೇಟ್ 85 ಡಿಗ್ರಿ, ಗಾಜಿನ ಕೆಳಗಿನ ಗಮ್ ಕುಯ್ಯುವ ಮಾಲಿಬ್ಡಿನಮ್ ತಂತಿ. ಫ್ಲಾಟ್‌ನಲ್ಲಿ ಬೆಣ್ಣೆ ಕುಯ್ದ ಹಾಗೆ ಹೋಗುವ ತಂತಿ ಇಲ್ಲಿ ನಡುವೆ ಚೆನ್ನಾಗಿ ಹೋಗಿ ಅಂಚಿನಲ್ಲಿ ಪ್ಯಾನೆಲ್ಲನ್ನೇ (ಒಳಗಿನ ಡಿಸ್‌ಪ್ಲೇಯನ್ನೇ) ಕುಯ್ದುಬಿಡುತ್ತಿತ್ತು. ಬಾಗಬೇಕು ಎಂದರೆ ಪ್ಯಾನೆಲ್ ಪ್ಲಾಸ್ಟಿಕ್ಕಿನದೇ ಆಗಿರಬೇಕು, ಕಾಗದದಷ್ಟು ತೆಳು. ತಂತಿ ನೇರ ಹೋಗುತ್ತದೆ, ಪ್ಯಾನೆಲ್ ಕೆಳಗೆ ಬಾಗಿರುತ್ತದೆ. ಎರಡೂ ಸೇರುವ ಜಾಗದಲ್ಲೇ ಕಥೆ ಮುಗಿಯುತ್ತದೆ. ಏಳೋ ಎಂಟೋ ಪ್ಯಾನೆಲ್ ಹೀಗೆ ಹೋದವು. ಸ್ಕ್ರ್ಯಾಪ್‌ನಲ್ಲಿ ತಂದವು ಅರ್ಧ, ಗಿರಾಕಿಗಳದ್ದು ಅರ್ಧ. ಹೈಸ್ಕೂಲ್ ಮೇಷ್ಟ್ರೊಬ್ಬರ ಫೋನಿಗೆ ನಾನೇ 14 ಸಾವಿರ ಕೊಟ್ಟು ಹೊಸ ಕಾಂಬೊ ಹಾಕಿಕೊಟ್ಟೆ. ಆ ವಾರ ಮನೆಗೆ ಅಕ್ಕಿ ತರಲು ಅಣ್ಣನ ಹತ್ತಿರ ಕೈಸಾಲ ಮಾಡಿದೆ.

ಬಿಸಿ ಆಗದಿದ್ದರೆ ತಣ್ಣಗೆ ನೋಡೋಣ ಅನಿಸಿತು. ದೊಡ್ಡ ಊರುಗಳಲ್ಲಿ ಚಳಿ ಕೊಟ್ಟು ಗಾಜು ಬಿಡಿಸುವ ಫ್ರೀಜಿಂಗ್ ಮಷೀನ್ ಇರುವುದು ಗೊತ್ತಿತ್ತು, ಆದರೆ ರೇಟ್ ಕೇಳಿ ಸುಮ್ಮನಾಗಿದ್ದೆ. ನನ್ನ ಚಿಕ್ಕಪ್ಪನ ಮಗ ಹಸುಗಳಿಗೆ ಇಂಜೆಕ್ಷನ್ ಹಾಕುವ ಕೆಲಸ ಮಾಡುತ್ತಾನೆ. ವೀರ್ಯದ ಕಡ್ಡಿಗಳನ್ನು ದ್ರವ ಸಾರಜನಕದ ಜಾಡಿಯಲ್ಲಿ ಇಟ್ಟುಕೊಂಡು ಊರೂರು ತಿರುಗುತ್ತಾನೆ. ಅದು ಮೈನಸ್ 196 ಡಿಗ್ರಿ. ಅವನ ಹಳೇ ಖಾಲಿ ಜಾಡಿ ಕೇಳಿ ತಂದೆ. ಗ್ಯಾಸ್ ದುಡ್ಡು ಕೊಟ್ಟು ಹೊರಗಡೆ ತುಂಬಿಸಿದೆ. ಅಂಗಡಿ ಹಿಂದಿನ ಬಯಲಿನಲ್ಲಿ, ದಪ್ಪ ಕೈಗವಸು ಹಾಕಿಕೊಂಡು, ಸ್ಕ್ರ್ಯಾಪ್ ಪ್ಯಾನೆಲ್ ಮೇಲೆ ಸುರಿದೆ. ಗಾಜು ಪಟಪಟ ಅಂತ ತಾನಾಗಿಯೇ ಬಿಟ್ಟುಕೊಂಡಿತು! ಗಮ್ ರಬ್ಬರಿನ ಹಾಗೆ ಎಳೆಯುವುದನ್ನು ನಿಲ್ಲಿಸಿ ಗಾಜಿನ ಹಾಗೆ ಗಡುಸಾಗಿತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ಯಾನೆಲ್ ಮಾತ್ರ ಉಳಿಯಲಿಲ್ಲ. ಚಳಿ ಎಲ್ಲ ಕಡೆ ಒಂದೇ ಸಮ ಬೀಳದೆ ಫ್ಲೆಕ್ಸ್ (ಪ್ಯಾನೆಲ್ಲನ್ನು ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ) ಬುಡದಲ್ಲಿ ಸೀಳುತ್ತಿತ್ತು. ದ್ರವ ಸಾರಜನಕ ಅಂಗಡಿಯೊಳಗೆ ಇಡುವ ಸಾಮಾನೂ ಅಲ್ಲ. ಮುಚ್ಚಿದ ಕೋಣೆಯಲ್ಲಿ ಆವಿಯಾದರೆ ಉಸಿರಿಗೆ ಗಾಳಿ ಸಿಗುವುದಿಲ್ಲ. ಯಾರೂ ಮಾಡಬೇಡಿ. ದಾರಿ ಸರಿ ಇದೆ ಎಂದು ಗೊತ್ತಾದದ್ದೇ ನನಗೆ ಅದರಿಂದ ಆದ ಲಾಭ.

2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಒಬ್ಬರು ಅಂಗಡಿ ಮುಚ್ಚುತ್ತಿದ್ದರು. ಅವರೂ ಕರ್ವ್ ಸತ್ತಿತು ಎಂದೇ ಮಾರುತ್ತಿದ್ದರು. ಫ್ರೀಜಿಂಗ್ ಸೆಪರೇಟರ್ 95 ಸಾವಿರಕ್ಕೆ ಕೊಟ್ಟರು. ಬಾಗಿದ ಗಾಜು ಅಂಟಿಸುವ ಎಡ್ಜ್ ಲ್ಯಾಮಿನೇಟರ್, ಬಬಲ್ ರಿಮೂವರ್ ಸೇರಿ ಇನ್ನೊಂದು 80 ಸಾವಿರ. ಹೆಂಡತಿಯ ಬಳೆ, ಸರ ಅಡ ಇಟ್ಟು ಒಂದು ಲಕ್ಷ ಇಪ್ಪತ್ತು ಸಾವಿರ ತಂದೆ. "ಎಲ್ಲರೂ ಬಿಡ್ತಿರೋದನ್ನ ನೀವು ಯಾಕ್ರೀ ಹಿಡ್ಕೋತೀರಾ?" ಎಂದು ಕೇಳಿದಳು. ನೋಟ್‌ಬುಕ್ ತೋರಿಸಿದೆ. ಪೂರ್ತಿ ಓದಿದಳು. ಆಮೇಲೆ ಬೀರು ಕೀಲಿ ಕೊಟ್ಟಳು.

ಮಷೀನ್ ಬಂದ ಮೇಲೂ ಮೂರು ತಿಂಗಳು ನಷ್ಟವೇ. ಮೈನಸ್ 140ರ ಸುತ್ತ ಇಟ್ಟು ಗಾಜು ತೆಗೆಯುವುದು ಬೇಗ ಕೈಗೆ ಹತ್ತಿತು. ಆದರೆ ಚೆನ್ನಾಗಿ ಬಿಟ್ಟುಕೊಂಡ ಪ್ಯಾನೆಲ್ಲನ್ನು ಖುಷಿಯಲ್ಲಿ ತಕ್ಷಣ ಬೋರ್ಡಿಗೆ ಕೊಟ್ಟು ಆನ್ ಮಾಡುತ್ತಿದ್ದೆ. ಒಂದೆರಡು ಸಲ ಬಂತು. ಮಳೆಗಾಲ ಶುರುವಾದ ಮೇಲೆ ಸಾಲಾಗಿ ಹಸಿರು ಗೆರೆ, ಗುಲಾಬಿ ಗೆರೆ. ಚಳಿಯಿಂದ ಹೊರಗೆ ತೆಗೆದ ಪ್ಯಾನೆಲ್ ಮೇಲೆ ಫ್ರಿಡ್ಜಿನ ಬಾಟಲಿ ಬೆವರುವ ಹಾಗೆ ನೀರು ಕೂರುತ್ತದೆ, ಅದು ಫ್ಲೆಕ್ಸಿನ ಐಸಿವರೆಗೂ ಹೋಗುತ್ತದೆ ಎಂದು ಅರ್ಥವಾಗುವಷ್ಟರಲ್ಲಿ ಐದು ಪೀಸ್ ಹೋಗಿದ್ದವು. ಈಗ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಪೂರ್ತಿ ರೂಮಿನ ಬಿಸಿಗೆ ಬರುವವರೆಗೆ ಮುಟ್ಟುವುದಿಲ್ಲ. ಅವಸರ ಮಾಡುವ ಗಿರಾಕಿಗೆ ನಾಳೆ ಬನ್ನಿ ಅನ್ನುತ್ತೇನೆ. ಯಾವ ಪ್ಯಾನೆಲ್ಲಿಗೆ ಎಷ್ಟು ನಿಮಿಷ ಚಳಿ ಎಂಬುದು ನನ್ನ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಹಾಕುವುದಿಲ್ಲ. ಅದು ಸಿಗುವುದಕ್ಕೆ ನಾನು ಕಟ್ಟಿದ ಫೀಸು ಎಪ್ಪತ್ತು ಸಾವಿರದ ಮೇಲೆ.

ಉಳಿದ ಗಮ್ ತೆಗೆಯುವಾಗ ಉಗುರು, ಬ್ಲೇಡ್ ಯಾವುದೂ ತಾಗಬಾರದು. ಈ ಪ್ಯಾನೆಲ್‌ಗಳಲ್ಲಿ ಟಚ್ ಪದರ ಡಿಸ್‌ಪ್ಲೇ ಮೇಲೇ ಇರುತ್ತದೆ. ಪೋಲರೈಜರ್ (ಡಿಸ್‌ಪ್ಲೇ ಮೇಲಿನ ತೆಳು ಫಿಲ್ಮ್) ಕೆಳಗೆ ಒಂದು ಗೀರು ಬಿದ್ದರೂ ಅಷ್ಟು ಜಾಗ ಟಚ್ ಸತ್ತಂತೆ.

ಅಂಟಿಸುವುದು ಇನ್ನೊಂದು ಯುದ್ಧ. ಒಂದೊಂದು ಮಾಡೆಲ್ಲಿಗೆ ಒಂದೊಂದು ಮೋಲ್ಡ್ (ಗಾಜು ಕೂರಿಸುವ ಬಾಗಿದ ಅಚ್ಚು), ಒಂದಕ್ಕೆ ಸಾವಿರದ ಸುತ್ತ. ಮೋಲ್ಡಿಗೇ ಮೂವತ್ತು ಸಾವಿರ ಹೋಯಿತು. ಹೊಸ ಮಾಡೆಲ್ಲಿಗೆ ಮೋಲ್ಡ್ ಬರುವುದು ತಡ. ಹಾಗಾಗಿ ನಾನೇ ಮಾಡಲು ಹೊರಟೆ. ಒಡೆಯದ ಹೊಸ ಗಾಜನ್ನು ಮಾದರಿಯಾಗಿ ಇಟ್ಟು ಸಿಲಿಕೋನ್ ರಬ್ಬರ್ ಸುರಿದು ಗಟ್ಟಿ ಮಾಡಿದೆ. ಮೊದಲ ಅಚ್ಚುಗಳಲ್ಲಿ ಗಾಳಿಗುಳ್ಳೆ. ಹಳೇ ಫ್ರಿಡ್ಜಿನ ಕಂಪ್ರೆಸರ್ ತಂದು ಅದರ ಗಾಳಿ ಎಳೆಯುವ ಬಾಯಿಗೆ ಪೈಪ್ ಹಾಕಿ, ದಪ್ಪ ಸ್ಟೀಲ್ ಡಬ್ಬಿಗೆ ಜೋಡಿಸಿದೆ. ಸಿಲಿಕೋನ್‌ನಿಂದ ಗಾಳಿ ಹೊರಗೆ ಬಂತು. ಆ ಮೋಲ್ಡ್ ಪ್ರೆಸ್ಸಿಗೆ ಸ್ವಲ್ಪ ಮೆತ್ತಗಾಯಿತು, ಆದರೆ ಗಾಜನ್ನು ಜಾಗಕ್ಕೆ ಕೂರಿಸಲು ತುಂಬಾ ಚೆನ್ನಾಗಿದೆ. ಈಗಲೂ ಅದನ್ನೇ ಬಳಸುತ್ತೇನೆ.

ಅಂಟಿಸಿದ ದಿನ ಕನ್ನಡಿ ಹಾಗೆ ಇರುತ್ತಿತ್ತು. ಮರುದಿನ ಅಂಚಿನಲ್ಲಿ ಗುಳ್ಳೆ ವಾಪಸ್. ಒತ್ತಡ ಜಾಸ್ತಿ ಮಾಡಿದೆ, ಬಿಸಿ ಜಾಸ್ತಿ ಮಾಡಿದೆ, ಓಸಿಎ ಬದಲಾಯಿಸಿದೆ. ಯಾವುದೂ ಆಗಲಿಲ್ಲ. ತಪ್ಪು ಇದ್ದದ್ದು ಫ್ರೇಮಿನಲ್ಲಿ. ಫೋನ್ ಬಿದ್ದಾಗ ಫ್ರೇಮ್ ಕೂದಲಷ್ಟು ಒಳಗೆ ಬಾಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಫ್ಲಾಟ್‌ನಲ್ಲಿ ಅದು ನಡೆದುಹೋಗುತ್ತದೆ. ಕರ್ವ್‌ನಲ್ಲಿ ಗಾಜಿನ ಅಂಚನ್ನು ರಾತ್ರಿಯಿಡೀ ಒತ್ತುತ್ತಲೇ ಇರುತ್ತದೆ. ಈಗ ನೇರವಾದ ಸ್ಟೀಲ್ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ಫ್ರೇಮ್ ನೋಡದೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ನೂರಕ್ಕೆ ಅರವತ್ತು ಇದ್ದ ಪಾಸ್ ಇದೊಂದರಿಂದಲೇ ಎಂಬತ್ತೈದು ಆಯಿತು. ಉಳಿದದ್ದು ಪ್ರೆಸ್ಸಿಗೆ ಹಾಕುವ ಮುಂಚೆ ಮೂಲೆಗಳಿಗೆ ಮಾಡುವ ಒಂದು ಸಣ್ಣ ಕೆಲಸದಿಂದ. ಅದು ಸದ್ಯಕ್ಕೆ ನನಗೂ ನನ್ನ ಹುಡುಗನಿಗೂ ಮಾತ್ರ ಗೊತ್ತು.

ನಡುವೆ ಯುವಿ ಗ್ಲಾಸ್ (ದ್ರವ ಗಮ್ ಹಾಕಿ ಯುವಿ ಬೆಳಕಿನಲ್ಲಿ ಗಟ್ಟಿ ಮಾಡಿ ಅಂಟಿಸುವ ಗಾರ್ಡ್) ಹಾಕುವುದನ್ನೂ ಕಲಿತೆ. ಕರ್ವ್ ಫೋನಿಗೆ ನಿಜವಾಗಿ ಕೂರುವ ಗಾರ್ಡ್ ಅದೇ. ಬೆರಳಚ್ಚು ಸೆನ್ಸರ್ ಕೂಡ ಚೆನ್ನಾಗಿ ಓದುತ್ತದೆ, ಯಾಕೆಂದರೆ ನಡುವೆ ಗಾಳಿ ಇರುವುದಿಲ್ಲ. ಆದರೆ ಸ್ಪೀಕರ್ ಜಾಲರಿ, ಬಟನ್ ಸಂದಿಗೆ ಟೇಪ್ ಹಚ್ಚದೆ ಗಮ್ ಬಿಟ್ಟರೆ ಅದು ಒಳಗೆ ಹೋಗಿ ಗಟ್ಟಿಯಾಗುತ್ತದೆ. ಬೇರೆ ಕಡೆ ಹಾಕಿಸಿ ಮಾತೇ ಕೇಳಿಸದೆ ಬಂದ ಫೋನುಗಳನ್ನು ತೆರೆದಿದ್ದೇನೆ. ಒಂದಕ್ಕೆ 400 ತೆಗೆದುಕೊಳ್ಳುತ್ತೇನೆ, ಅರ್ಧ ಗಂಟೆ ಹಿಡಿಯುತ್ತದೆ. ಕೆಲವರು 150ಕ್ಕೆ ಹತ್ತು ನಿಮಿಷದಲ್ಲಿ ಹಾಕುತ್ತಾರೆ, ಆ ಕೆಲಸ ನನಗೆ ಬೇಡ.

ಲೆಕ್ಕ ಹೇಳುತ್ತೇನೆ. ಗಾಜು, ಓಸಿಎ ಸೇರಿ ನನಗೆ ಬೀಳುವುದು ಆರುನೂರರಿಂದ ಒಂಬೈನೂರು. ಗಿರಾಕಿಗೆ 2,800ರಿಂದ 4,500, ಮಾಡೆಲ್ ನೋಡಿ. ಅಂಗಡಿಯವರಿಗೆ ಅದರಲ್ಲಿ ಎಂಟುನೂರು ಕಡಿಮೆ. ಕೆಲಸಕ್ಕೆ ಕೂರುವ ಮುಂಚೆಯೇ ಹೇಳುತ್ತೇನೆ, ಪ್ಯಾನೆಲ್ ಹೋದರೆ ದುಡ್ಡು ಬೇಡ, ಆದರೆ ಹೊಸ ಕಾಂಬೊ ಕೊಡಲಾಗುವುದಿಲ್ಲ ಎಂದು. ಚೀಟಿಗೆ ಸಹಿಯೂ ಹಾಕಿಸಿಕೊಳ್ಳುತ್ತೇನೆ. ಒಡವೆ ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಬಡ್ಡಿ ಸೇರಿ ಒಂದು ಲಕ್ಷ ಮೂವತ್ತೈದು ಸಾವಿರದ ಹತ್ತಿರ ಕಟ್ಟಿದೆ. ಕರ್ವ್ ಕಥೆ ಮುಗೀತು ಎಂದ ಎಸ್‌.ಪಿ. ರೋಡಿನವರು ಹೋದ ತಿಂಗಳು ಫೋನ್ ಮಾಡಿ, ಅವರ ಅಂಗಡಿಗೆ ಬರುವ ಪೀಸ್‌ಗಳನ್ನು ಮಾಡಿಕೊಡ್ತೀಯಾ ಎಂದು ಕೇಳಿದರು. ಬೆಂಗಳೂರಿನಿಂದ ತುಮಕೂರಿಗೆ ಗ್ಲಾಸ್ ಕೆಲಸ ಬರುತ್ತಿದೆ. ಹೆಮ್ಮೆ ಆಗದೆ ಇರುತ್ತದೆಯೇ?

ಈಗ ಮತ್ತೆ ಸುದ್ದಿ ಶುರುವಾಗಿದೆ. 2027ಕ್ಕೆ ಐಫೋನಿಗೆ ಇಪ್ಪತ್ತು ವರ್ಷ ತುಂಬುತ್ತದೆ, ಆಗ ನಾಲ್ಕೂ ಕಡೆ ಗಾಜು ಬಾಗಿದ ಫೋನ್ ಬರುತ್ತದೆ ಎಂದು ಲೀಕ್‌ನವರು ಹೇಳುತ್ತಿದ್ದಾರೆ. ಬರಲಿ, ಬಿಡಲಿ, ನಾನು ಅದಕ್ಕೆ ಕಾಯುತ್ತಾ ಕೂತಿಲ್ಲ. ನಾಲ್ಕು ಕಡೆ ಬಾಗಿದ ಫೋನ್‌ಗಳು ಮೂವತ್ತು, ನಲವತ್ತು ಸಾವಿರಕ್ಕೆ ಈಗಲೇ ಮಾರುತ್ತಿವೆ. ಒಡೆದು ನನ್ನ ಟೇಬಲ್ಲಿಗೂ ಬರುತ್ತಿವೆ. ಬದಿಗಳಲ್ಲಿ ತೊಂದರೆ ಇಲ್ಲ, ಎರಡು ಬಾಗು ಒಂದಕ್ಕೊಂದು ಸೇರುವ ಮೂಲೆಯಲ್ಲಿ ಓಸಿಎ ಸುಕ್ಕಾಗುತ್ತದೆ. ಈ ತಿಂಗಳು ಒಂಬತ್ತು ಪೀಸ್ ಮಾಡಿದೆ. ಆರು ಪಾಸ್. ಎರಡಕ್ಕೆ ಕೆಳಗಿನ ಎಡ ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆ. ಇನ್ನೊಂದು ಡಬ್ಬಿಯಲ್ಲಿದೆ, ನಾಳೆ ಬೆಳಿಗ್ಗೆ ತೆಗೆದು ನೋಡಬೇಕು.